ಏಳು ಮರ, ನಲವತ್ತು ಗಿಳಿ

“ಏಳೂ ಹಳ್ಳಿಯವರು ಕಿವಿಗೊಟ್ಟು ಕೇಳಿ. ರಾಣಿ ಹೊನ್ನಲಾದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಸೀಮೆಯ ಏಳು ಶಾಲೆಗಳ ಯಜಮಾನಿಕೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಶನಿವಾರದೊಳಗೆ ಯಾರೂ ಬಿಡಿಸದಿದ್ದರೆ ಏಳೂ ಶಾಲೆಗೆ ಬೀಗ.”

ಡಂಗುರದವನು ಮುಂದಿನ ಓಣಿಗೆ ಹೋದ. ಗಾಡಿಯ ಅಚ್ಚಿಗೆ ಎಣ್ಣೆ ಬಿಡುತ್ತಿದ್ದ ಹುಲಗಪ್ಪನ ಕೈ ಅಲ್ಲೇ ನಿಂತಿತು. ಗಾಡಿ ಹೊಡೆಯುವವನನ್ನು ಅರಮನೆಯ ಒಗಟಿಗೆ ಯಾರೂ ಕರೆಯುವುದಿಲ್ಲ. ಆದರೂ ಇದು ತನಗೇ ಒಡ್ಡಿದ ಬಲೆ ಎಂದು ಅವನಿಗೆ ಅನ್ನಿಸಿತು. ಶಾಲೆಗಳಿಗಾಗಿ ತನ್ನ ಗಾಡಿ ಮಾಡಿದ್ದ ಕೆಲಸ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಅಣ್ಣಾ, ಬೀಗ ಹಾಕಿದರೆ ನಾನು?” ಎಂದಳು ತಂಗಿ ಗಾಳೆವ್ವ. ಒಂಬತ್ತು ವರ್ಷದವಳು, ಮುಂದಿನ ಹಲ್ಲು ಅರ್ಧ ಮುರಿದವಳು.

“ಕುರಿ ಕಾಯ್ತೀಯ.”

“ಕುರಿ ಹತ್ತಿರ ಅಕ್ಷರ ಇರತಾವೇನು?”

“ಶಾಲೆಯಲ್ಲಿ ಇದಾವೇನು?”

ಅವಳು ಪಾಟಿ ಒರೆಸಿದಳು. ಮೂರು ವರ್ಷ ಹೋದರೂ ತನ್ನ ಹೆಸರಿನ ಮೊದಲಕ್ಷರ ದಾಟಿರಲಿಲ್ಲ. ಆದರೂ ಒಂದು ದಿನವೂ ತಪ್ಪಿಸಿದವಳಲ್ಲ. ಆ ಹಟ ನೋಡಿಯೇ ಹುಲಗಪ್ಪ ರುಮಾಲು ಸುತ್ತಿಕೊಂಡು ಅರಮನೆಯ ಕಡೆ ನಡೆದ.

ಅವನು ಹೋಗುವಷ್ಟರಲ್ಲಿ ಶಾಲಾ ಮಂಡಳಿಯ ಯಜಮಾನ ಶಿವಲಿಂಗಪ್ಪ ದೇಸಾಯಿ ರಾಣಿಯ ಮುಂದೆ ನಿಂತಿದ್ದ. ಯಜಮಾನಿಕೆ ಬೇರೆಯವರ ಪಾಲಾದೀತೆಂದು ಮೊದಲೇ ಓಡಿ ಬಂದಿದ್ದ.

ರಾಣಿ ಮೊದಲ ಒಗಟು ಹಾಕಿದಳು: “ಏಳು ದಿನ ಏಳು ಮರ ನೋಡಿ ಬಂದೆ. ಮರಕ್ಕೆ ನಲವತ್ತು ಗಿಳಿ. ಪ್ರತಿ ಮರದಲ್ಲೂ ಒಂದು ಗಿಳಿಯ ಕೊಕ್ಕು ಮುರಿದಿತ್ತು. ಗಿಳಿಗಳೆಷ್ಟು?”

ದೇಸಾಯಿ ಬೆವರು ಒರೆಸಿಕೊಂಡ. “ಇನ್ನೂರ ಎಂಬತ್ತು, ತಾಯಿ.”

“ಕರೆದುಕೊಂಡು ಹೋಗಿ,” ಎಂದಳು ರಾಣಿ.

ಕಂಬದ ಪಕ್ಕದಲ್ಲಿದ್ದ ಹುಲಗಪ್ಪನಿಗೆ ವಿಷಯ ತಿಳಿಯಿತು. ದೇಸಾಯಿಗೆ ಉತ್ತರ ಗೊತ್ತು. ಹೇಳಿದರೆ ಕಳ್ಳ, ಹೇಳದಿದ್ದರೆ ದಡ್ಡ. ದಡ್ಡನಾಗಿ ಸಾಯುವುದೇ ಮರ್ಯಾದೆ ಎಂದುಕೊಂಡಿದ್ದಾನೆ.

ಆಮೇಲೆ ಸೋಮಯ್ಯ ಪಂಡಿತ ಶಾಲು ಸರಿಮಾಡಿಕೊಂಡು ಬಂದ. “ಮರವೆಂದರೆ ಏಳು ಜನ್ಮ, ಗಿಳಿಯೆಂದರೆ ಆತ್ಮ. ಆದ್ದರಿಂದ ಗಿಳಿ ಒಂದೇ.” ಅವನನ್ನೂ ಕರೆದುಕೊಂಡು ಹೋದರು. ಶಾಲು ಮಾತ್ರ ಅಲ್ಲೇ ಬಿತ್ತು.

“ಇನ್ನು ಯಾರು?”

“ನಾನಿದೀನಿ, ತಾಯಿ. ಗಾಡಿ ಹುಲಗ. ಗಿಳಿ ನಲವತ್ತೇ. ಕೊಕ್ಕು ಮುರಿದ ಗಿಳಿ ನನ್ನ ತಂಗಿ. ನೀವು ಯಾವ ಊರಿನ ಶಾಲೆಗೆ ಬರುತ್ತೀರೋ, ಮಂಡಳಿಯವರು ಹೇಳಿದಂತೆ ನಸುಕಿನಲ್ಲೇ ಆ ಊರಿಗೆ ಅವೇ ಮಕ್ಕಳನ್ನು ಒಯ್ಯುತ್ತಿದ್ದವನು ನಾನು. ಮಾಸ್ತರರೂ ಅದೇ ಗಾಡಿಯಲ್ಲೇ ಬರುತ್ತಿದ್ದರು. ಏಳು ಶಾಲೆಗೆ ಒಬ್ಬರೇ. ಉಳಿದ ಮಕ್ಕಳು ಹೊಲದಲ್ಲಿದ್ದಾರೆ.”

ಸಭೆ ಗುಜುಗುಟ್ಟಿತು. ತಪ್ಪೊಪ್ಪಿಕೊಂಡ ತನ್ನನ್ನು ರಾಣಿ ಈಗಲೇ ಹಿಡಿಸುತ್ತಾಳೆ ಎಂದು ಹುಲಗಪ್ಪ ಬಾಗಿಲ ಕಾವಲುಗಾರನನ್ನೇ ನೋಡುತ್ತಿದ್ದ. ಕಾವಲುಗಾರ ಅಲ್ಲಾಡಲಿಲ್ಲ.

“ಎರಡನೆಯದು,” ಎಂದಳು ರಾಣಿ. “ಒಂದು ತೋಟಕ್ಕೆ ಹೋದೆ. ಏನು ಕೇಳಿದರೂ ಗಿಡಗಳೆಲ್ಲ ಟೊಂಗೆ ಎತ್ತಿದವು. ಮಾಲಿ ತೋರಿಸಿದ ಟೊಂಗೆಯಲ್ಲೆಲ್ಲ ಹಣ್ಣಿತ್ತು. ಹಣ್ಣಿರುವ ಟೊಂಗೆ ಅವನಿಗೆ ಹೇಗೆ ತಿಳಿಯುತ್ತಿತ್ತು?”

“ಅದು ಶಾಲೆಯ ಪದ್ಧತಿ, ತಾಯಿ. ನೀವು ಪ್ರಶ್ನೆ ಕೇಳಿದಾಗ ಉತ್ತರ ಬರುವವರು ಬಲಗೈ ಎತ್ತಬೇಕು, ಬಾರದವರು ಎಡಗೈ. ಮಾಸ್ತರರು ಬಲಗೈಯವರನ್ನೇ ಎಬ್ಬಿಸುತ್ತಾರೆ. ದೂರದಿಂದ ನೋಡಿದವರಿಗೆ ಎಲ್ಲರೂ ಜಾಣರು. ನನ್ನ ತಂಗಿಗೆ ಮೂರು ವರ್ಷದಲ್ಲಿ ಪಕ್ಕಾ ಬಂದಿರುವ ವಿದ್ಯೆ ಅದೊಂದೇ.”

ರಾಣಿ ನಗಲಿಲ್ಲ. “ಮೂರನೆಯದು. ಏಳು ಜನ ಹೊತ್ತರೂ ಯಾರ ಹೆಗಲಿಗೂ ಭಾರವಾಗುವುದಿಲ್ಲ. ಕೈಬಿಟ್ಟರೂ ಹೊತ್ತವರ ಕಾಲ ಮೇಲೆ ಬೀಳುವುದಿಲ್ಲ. ಏನದು?”

“ನಮ್ಮ ಶಾಲೆ. ಮಂಡಳಿಯಲ್ಲಿ ಏಳು ಜನ. ಏಳೂ ಜನರ ಮಕ್ಕಳು ಓದುವುದು ಪಟ್ಟಣದಲ್ಲಿ. ಅವರು ಕೈಬಿಟ್ಟರೆ ಬೀಳುವುದು ನಮ್ಮ ಮಕ್ಕಳ ಮೇಲೆ.” ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಹುಲಗಪ್ಪ ಮುಚ್ಚಲಿಲ್ಲ. “ಆದರೆ ನಿಮ್ಮ ಒಗಟಿನಲ್ಲೇ ಲೆಕ್ಕ ತಪ್ಪಿದೆ, ತಾಯಿ. ಹೊತ್ತವರು ಏಳಲ್ಲ, ಎಂಟು. ಯುವರಾಜರಿಗೆ ಅರಮನೆಯಲ್ಲೇ ಪಾಠ ಅಂತಲ್ಲ?”

ಕಾವಲುಗಾರ ಈಗ ನಿಜವಾಗಿ ಎರಡು ಹೆಜ್ಜೆ ಮುಂದೆ ಬಂದ. ರಾಣಿ ಕೈ ಎತ್ತಿ ಅವನನ್ನು ತಡೆದಳು.

“ಏಳು ಅಂತ ಹೇಳಿ ಸುಮ್ಮನಾಗಿದ್ದರೆ ಬಹುಮಾನ ಸಿಗುತ್ತಿತ್ತಲ್ಲೋ.”

“ಸಿಗುತ್ತಿತ್ತು. ಮುಂದಿನ ವರ್ಷ ಅದೇ ಗಾಡಿ ಹೊಡೆಯಬೇಕಾಗುತ್ತಿತ್ತು.”

ರಾಣಿ ಅಲ್ಲೇ ಅಪ್ಪಣೆ ಕೊಟ್ಟಳು. ಸೋಮವಾರದಿಂದ ಯುವರಾಜ ಹಳ್ಳಿ ಶಾಲೆಗೆ. ಮಂಡಳಿಯಲ್ಲಿ ಕೂರುವವರ ಮಕ್ಕಳೂ ಅಲ್ಲಿಗೇ. ಪ್ರತಿ ಶಾಲೆಗೂ ಒಬ್ಬ ಮಾಸ್ತರ. ಯಜಮಾನಿಕೆ ಹುಲಗಪ್ಪನದು. ದೇಸಾಯಿ, ಪಂಡಿತರ ತಲೆಯ ವಿಷಯ ಬಂದಾಗ ಹುಲಗಪ್ಪನೇ ಹೇಳಿದ: “ಖಾಲಿ ತಲೆ ಕಡಿದು ಏನು ಬಂತು, ತಾಯಿ? ಒಂದನೆಯ ಇಯತ್ತೆಯಲ್ಲಿ ಕೂರಿಸಿ ಏನಾದರೂ ತುಂಬಿಸಿ.” ಹಾಗೇ ಆಯಿತು.

“ಎಲ್ಲ ಬರೆದುಕೊಡಿ,” ಎಂದ ಹುಲಗಪ್ಪ.

“ನನ್ನ ಮಾತು ನಂಬುವುದಿಲ್ಲವೇನು?”

“ಮಂಡಳಿಯವರ ಮಾತು ನಂಬಿ ನೀವೇನಾದಿರಿ?”

ರಾಣಿ ತಾನೇ ಬರೆದು, ಮುದ್ರೆ ಒತ್ತಿ ಕೊಟ್ಟಳು. ಹುಲಗಪ್ಪನಿಗೆ ಓದಲು ಬರುತ್ತಿರಲಿಲ್ಲ. ಮಾಸ್ತರರಿಂದ ಓದಿಸಲು ಮನಸ್ಸಾಗಲಿಲ್ಲ, ಅವರೂ ಅದೇ ಗಾಡಿಯಲ್ಲಿ ಬಂದವರೇ. ಗಾಳೆವ್ವನೇ ಓದಲಿ ಎಂದು ಪೆಟ್ಟಿಗೆಯಲ್ಲಿ ಇಟ್ಟ.

ಎರಡು ವರ್ಷದ ಮೇಲೆ ಅವಳು ಬೆರಳಿಟ್ಟು ಓದಿದಳು. ರಾಣಿ ಹೇಳಿದ್ದೆಲ್ಲ ಹೇಳಿದಂತೆಯೇ ಇತ್ತು. ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: “ಈ ಯಜಮಾನಿಕೆ, ನಿನ್ನ ಮನೆಯಲ್ಲಿ ಇದನ್ನು ಓದಿ ಹೇಳುವವರು ತಯಾರಾಗುವವರೆಗೆ ಮಾತ್ರ. ಆಮೇಲೆ ಓದಿದವರದು.”

“ನೋಡಿದೆಯಾ,” ಎಂದ ಹುಲಗಪ್ಪ, “ದೊಡ್ಡವರ ಕಾಗದದಲ್ಲಿ ಏನೋ ಇದ್ದೇ ಇರುತ್ತದೆ ಅಂತ ನನಗೆ ಅವತ್ತೇ ಅನುಮಾನ.”

ಇನ್ನೊಂದು ಸಲ ಓದಿಸಿದ. ಸಾಲು ಬದಲಾಗಲಿಲ್ಲ. ತನ್ನ ಯಜಮಾನಿಕೆಯ ರುಮಾಲು ಬಿಚ್ಚಿ ತಂಗಿಯ ತಲೆಗೆ ಸುತ್ತಿದ, ಅದು ಅವಳ ಕಿವಿ ಮುಚ್ಚುವವರೆಗೂ ಬಂತು.