ಹದಿನಾಲ್ಕನೇ ಹಾಸಿಗೆಯ ಗಂಟೆ

“ಗುರುಗಳೇ, ಒಂದು ಕಡೆ ಸರಿಯಾಗಿ ನಡೆಯುತ್ತಿರುವುದನ್ನು ಹನ್ನೆರಡು ಕಡೆ ನಕಲು ಮಾಡಿದರೆ ತಪ್ಪೇನು?” ಎಂದು ಸುಮಂಗಲಾ ಕೇಳಿದಳು. ಅವಳು ನೆಟ್‌ವರ್ಕ್ ಕೆಲಸ ಕಲಿಯಲು ಬಂದವಳು. ಬಂದು ಆರು ತಿಂಗಳಾಗಿತ್ತು, ಅವಸರ ಮಾತ್ರ ಆರು ವರ್ಷದ್ದು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಂದು ಆಸ್ಪತ್ರೆ. ಪ್ರತಿ ಹಾಸಿಗೆಯ ಪಕ್ಕ ಒಂದು ಗುಂಡಿ. ರೋಗಿ ಅದನ್ನು ಒತ್ತಿದರೆ ಕರೆ ನೆಟ್‌ವರ್ಕಿನ ಮೂಲಕ ಹೋಗಿ ದಾದಿಯರ ಮೇಜಿನ ಮೇಲೆ ಗಂಟೆ ಹೊಡೆಯುತ್ತಿತ್ತು. ಆ ನೆಟ್‌ವರ್ಕ್ ಕಟ್ಟಿದವನು ಒಬ್ಬ ಎಂಜಿನಿಯರ್. ಒಳ್ಳೆಯ ಕೆಲಸಗಾರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವನನ್ನು ದಡ್ಡನೆಂದು ತಳ್ಳಿಹಾಕಿ ನೀನು ನೆಮ್ಮದಿಯಾಗಿರುತ್ತೀಯ.

ಒಂದು ದಿನ ಹದಿನಾಲ್ಕನೇ ಹಾಸಿಗೆಯ ಗಂಟೆ ಯಾರೂ ಒತ್ತದಿದ್ದರೂ ಹೊಡೆದುಕೊಳ್ಳತೊಡಗಿತು. ಗೋಡೆಯೊಳಗೆ ನೀರು ಇಳಿದು ತಂತಿ ಕೆಟ್ಟಿತ್ತು. ದಾದಿಯರಿಗೆ ತಲೆ ಚಿಟ್ಟು ಹಿಡಿಯಿತು. ಆ ಹಾಸಿಗೆಯನ್ನೇ ತೆಗೆಸಿ ಅಲ್ಲಿ ಔಷಧಿಯ ಕಪಾಟು ಇಟ್ಟರು. ಎಂಜಿನಿಯರ್ ನೆಟ್‌ವರ್ಕಿನಲ್ಲಿ ಒಂದು ನಿಯಮ ಬರೆದ: ಹದಿನಾಲ್ಕರಿಂದ ಬರುವ ಕರೆಯನ್ನು ಮುಂದೆ ಬಿಡಬಾರದು. ಗಂಟೆ ನಿಂತಿತು. ಆಮೇಲೆ ಆ ನಿಯಮ ಯಾರಿಗೂ ನೆನಪಿರಲಿಲ್ಲ.

ಎರಡು ವರ್ಷ ಕಳೆಯಿತು. ಆಸ್ಪತ್ರೆಯ ಯಜಮಾನರು ಹನ್ನೆರಡು ಊರುಗಳಲ್ಲಿ ಅದೇ ನಕ್ಷೆಯ ಹನ್ನೆರಡು ಆಸ್ಪತ್ರೆ ಕಟ್ಟಿಸಿದರು. ಎಲ್ಲ ನೆಟ್‌ವರ್ಕುಗಳೂ ಕ್ಲೌಡ್‌ನಿಂದಲೇ, ಅಂದರೆ ದೂರದ ಕಂಪ್ಯೂಟರುಗಳಿಂದಲೇ, ನಡೆಯುವಂಥವು. ಅಲ್ಲಿ ಆಜ್ಞೆ ತೆಗೆದುಕೊಳ್ಳುವ ಕಿಂಡಿಗೆ ಎಪಿಐ ಎನ್ನುತ್ತಾರೆ; ಅದಕ್ಕೆ ಒಂದು ಆಜ್ಞೆ ಕಳಿಸಿದರೆ ಒಂದು ಕಡೆಯ ಜೋಡಣೆ, ನಿಯಮ, ಎಲ್ಲವೂ ಇನ್ನೊಂದು ಕಡೆ ಹಾಗೆಯೇ ಇಳಿಯುತ್ತದೆ. ಎಂಜಿನಿಯರ್ ಆಜ್ಞೆ ಕಳಿಸಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹನ್ನೆರಡೂ ಸಿದ್ಧವಾದವು. ಒಂದೊಂದು ಊರಿಗೂ ಫೋನ್ ಮಾಡಿ ಮೊದಲ ಹಾಸಿಗೆಯ ಗುಂಡಿ ಒತ್ತಿಸಿದ. ಎಲ್ಲೆಡೆ ಗಂಟೆ ಹೊಡೆಯಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂದುಕೊಂಡ. ಅಗುಳಿನ ಲೆಕ್ಕ ಅನ್ನದ ಪಾತ್ರೆಗೆ ಸರಿ, ಮನುಷ್ಯರು ಮಲಗುವ ಕೋಣೆಗೆ ಅಲ್ಲ.

ಹನ್ನೆರಡರಲ್ಲಿ ಒಂದು ಊರಿನ ದಾದಿಯರು ಒಂದು ವಿಷಯ ಗಮನಿಸಿದರು. ಹದಿನಾಲ್ಕನೇ ಹಾಸಿಗೆಯವರು ಎಂದೂ ಕರೆಯುವುದಿಲ್ಲ. ಗುಂಡಿ ಒತ್ತಿದ್ದೆ ಎಂದವರ ಮಾತನ್ನು ಜ್ವರದ ಕನವರಿಕೆ ಎಂದುಕೊಂಡರು. ಆ ಜಾಗದ ಗುಣ ತಂಪು, ಅಲ್ಲಿ ಮಲಗಿದವರಿಗೆ ನೆಮ್ಮದಿ ಸಿಗುತ್ತದೆ ಎಂದು ನಂಬಿದರು. ಹೆಚ್ಚು ನರಳುವವರನ್ನು ಪ್ರೀತಿಯಿಂದ ಅಲ್ಲಿಗೇ ಹಾಕತೊಡಗಿದರು.

ಆಸ್ಪತ್ರೆ ತೆರೆದು ನಾಲ್ಕು ತಿಂಗಳಾದ ಮೇಲೆ ಆ ಹಾಸಿಗೆಗೆ ಒಬ್ಬ ನೇಕಾರ ಬಂದ. ಗಂಟಲಿನ ಆಪರೇಷನ್ ಆಗಿತ್ತು. ಕೂಗಲು ದನಿ ಇರಲಿಲ್ಲ. ದಾದಿ ಅವನ ಕೈಗೆ ಗುಂಡಿ ಕೊಟ್ಟು, ಉಸಿರು ಕಟ್ಟಿದರೆ ಒತ್ತು ಎಂದಳು. ಮಧ್ಯಾಹ್ನ ಅವನ ಹೆಂಡತಿ ಗಂಜಿ ತರಲು ಕೆಳಗೆ ಹೋದಳು. ತಿರುಗಿ ಬಂದಾಗ ಅವನು ಸತ್ತಿದ್ದ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

“ಒತ್ತಿದ್ರ ಓಡಿ ಬರ್ತೀವಿ ಅಂದಿದ್ರಲ್ರೀ ಅಕ್ಕಾರ” ಎಂದಳು ಹೆಂಡತಿ.

“ಗಂಟಿ ಆಗಿದ್ರ ಬರ್ತಿದ್ವಿ ಯವ್ವಾ. ಆಗಲೇ ಇಲ್ಲ” ಎಂದಳು ದಾದಿ. ಇಬ್ಬರೂ ಸುಳ್ಳು ಹೇಳಲಿಲ್ಲ.

ವಿಚಾರಣೆಗೆ ಬಂದವರು ಮೂಲವನ್ನೂ ನಕಲನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ನಕಲು ನಿರ್ದೋಷವಾಗಿದೆ ಎಂದು ಬರೆದುಕೊಟ್ಟರು. ಆ ಕಾಗದ ಓದುವಾಗಲೇ ಎಂಜಿನಿಯರ್‌ಗೆ ಹಳೆಯ ಆಸ್ಪತ್ರೆಯಲ್ಲಿ ಹದಿನಾಲ್ಕನೇ ಹಾಸಿಗೆಯ ಜಾಗಕ್ಕೆ ಬಂದ ಔಷಧಿಯ ಕಪಾಟು, ಅಂದು ತಾನು ಬರೆದ ನಿಯಮ ನೆನಪಾದವು. ಅವನು ಅಂದು ಊಟ ಮಾಡಲಿಲ್ಲ.

ಗುರುಗಳು ಕಥೆ ಮುಗಿಸಿದರು. ಸುಮಂಗಲಾ ಕೇಳಿದಳು:

“ಆಮೇಲೆ ಆ ನಿಯಮವನ್ನು ಎಲ್ಲ ಕಡೆಯಿಂದಲೂ ತೆಗೆದನೇ, ಗುರುಗಳೇ?”

“ತೆಗೆದನಮ್ಮ. ನೀನು ನಿಯಮದ ಗತಿ ಕೇಳಿದೆ, ಆ ನಾಲ್ಕು ತಿಂಗಳು ಉಳಿದ ಹನ್ನೊಂದು ಊರುಗಳಲ್ಲಿ ಅದೇ ಗುಂಡಿ ಒತ್ತಿದವರ ಗತಿ ಕೇಳಲಿಲ್ಲ.”