ಹತ್ತೊಂಬತ್ತನೆಯ ಸಾಲು

ನದಿಯ ದಂಡೆಯ ಆ ಆಶ್ರಮದಲ್ಲಿ ಕಲಿಸುತ್ತಿದ್ದುದು ಒಂದೇ ವಿದ್ಯೆ. ಹಳೆಯ ಕಂಪ್ಯೂಟರನ್ನು ಹಗುರ ಮಾಡುವುದು.

ಪರದೆಯ ಮೇಲೆ ಚಿತ್ರವಿಲ್ಲ, ಅಲಂಕಾರವಿಲ್ಲ. ಯಾವ ಕಿಟಕಿ ಎಲ್ಲಿ ತೆರೆಯಬೇಕು, ಯಾವ ಕೀ ಒತ್ತಿದರೆ ಏನಾಗಬೇಕು, ಎಲ್ಲವೂ ಒಂದೇ ಕಾನ್ಫಿಗ್ ಫೈಲಿನಲ್ಲಿ. ಗುರು ಅಡವಯ್ಯನವರ ಫೈಲಿನಲ್ಲಿ ನಲವತ್ತೊಂದು ಸಾಲುಗಳಿದ್ದವು. ಹೊಸಬರು ಅದನ್ನು ನಕಲು ಮಾಡಿಕೊಂಡು, ತಮಗೆ ಬೇಡದ್ದನ್ನು ತೆಗೆಯುತ್ತ ಹೋಗಬೇಕು.

ತನ್ನ ಫೈಲಿನ ಪ್ರತಿ ಸಾಲೂ ಯಾಕಿದೆ ಎಂದು ಹೇಳಬಲ್ಲವನು ಆಶ್ರಮದಿಂದ ಹೊರಡಬಹುದು. ಒಂದು ಸಾಲಿಗೆ ತಡವರಿಸಿದರೂ ಇನ್ನೊಂದು ವರ್ಷ ಇರಬೇಕು. ಅಲ್ಲಿಯ ನಿಯಮ ಅಷ್ಟೇ.

ಮೃತ್ಯುಂಜಯನಿಗೆ ಹೊರಡುವ ಅವಸರವಿತ್ತು. ನದಿಯಾಚೆಯ ಕಿವುಡ ಮಕ್ಕಳ ಶಾಲೆಗೆ ಯಾರೋ ಹನ್ನೊಂದು ಹಳೆಯ ಕಂಪ್ಯೂಟರುಗಳನ್ನು ಕೊಟ್ಟಿದ್ದರು. ಒಂದೂ ಸರಿಯಾಗಿ ಓಡುತ್ತಿರಲಿಲ್ಲ. ಜೂನ್ ಒಂದಕ್ಕೆ ಬಂದು ಸರಿಮಾಡುತ್ತೇನೆ ಎಂದು ಅವನು ಕಾಗದ ಬರೆದು ಮಾತು ಕೊಟ್ಟಿದ್ದ.

ಹತ್ತೊಂಬತ್ತನೆಯ ಸಾಲಿಗೆ ಬಂದು ಅವನು ನಿಂತ.

ಯಂತ್ರ ಶುರುವಾದಾಗಲೆಲ್ಲ ಒಂದು ಸಣ್ಣ ಪ್ರೋಗ್ರಾಮನ್ನು ಓಡಿಸು ಎಂದು ಆ ಸಾಲು ಹೇಳುತ್ತಿತ್ತು. ಆ ಪ್ರೋಗ್ರಾಮಿನ ಸೋರ್ಸ್, ಅಂದರೆ ಅದನ್ನು ಬರೆದ ಮೂಲ ಪಠ್ಯ, ಎಲ್ಲೂ ಇರಲಿಲ್ಲ. ಬಿಚ್ಚಿ ಓದಲಾಗದ್ದನ್ನು ಆಶ್ರಮದಲ್ಲಿ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ.

"ಗುರುಗಳೇ, ಇದು ಏನು ಮಾಡುತ್ತದೆ?"

"ಏನೂ ಮಾಡುವುದಿಲ್ಲ."

"ಏನೂ ಮಾಡದ್ದು ಯಾಕಿದೆ?"

"ಬೇಡವಾದರೆ ತೆಗೆ," ಎಂದು ಗುರುಗಳು ಎದ್ದು ಹೋದರು.

ಪ್ರಶ್ನೆ ಕೇಳಿದಾಗ ಅವರು ಎದ್ದು ಹೋದದ್ದನ್ನು ಮೃತ್ಯುಂಜಯ ಅದುವರೆಗೆ ಕಂಡಿರಲಿಲ್ಲ.

ಅವನು ಯೋಚಿಸಿದ. ಶಾಲೆಗೆ ಬರೆದ ವಿಷಯವನ್ನು ತಾನು ಯಾರಿಗೂ ಹೇಳಿರಲಿಲ್ಲ. ಆದರೂ ಹೋದ ವಾರ ಗುರುಗಳು, "ಆ ಮಕ್ಕಳು ಕಾಯುತ್ತಿದ್ದಾರಲ್ಲ?" ಎಂದಿದ್ದರು. ಅವರಿಗೆ ತಿಳಿದದ್ದು ಹೇಗೆ?

ನಾವು ಒತ್ತುವ ಪ್ರತಿ ಕೀಯನ್ನೂ ಈ ಪ್ರೋಗ್ರಾಮಿನ ಮೂಲಕ ಅವರು ನೋಡುತ್ತಿದ್ದಾರೆ ಎಂದುಕೊಂಡ.

ಆ ಸಾಲನ್ನು ತೆಗೆಯಲಿಲ್ಲ. ತೆಗೆದರೆ ಹಿಡಿಯುವುದು ಹೇಗೆ?

ಅದರ ಮೇಲೆ ಕಣ್ಣಿಡಲು ಒಂದು ಕಾವಲು ಪ್ರೋಗ್ರಾಂ ಬರೆದ. ಆ ಕಾವಲು ನಿಂತುಹೋದರೆ ಎಬ್ಬಿಸಲು ಇನ್ನೊಂದು. ಇವೆರಡನ್ನೂ ಯಾರಾದರೂ ಮುಟ್ಟಿದರೆ ತಿಳಿಸಲು ಮತ್ತೊಂದು.

ಕಾವಲುಗಳು ದಿನವೂ ಬರೆದಿಡುತ್ತಿದ್ದುದು ಇಷ್ಟೇ: ಎದ್ದಿತು. ನಾಲ್ಕು ಸೆಕೆಂಡು ಇತ್ತು. ಮುಗಿಯಿತು.

ಯಾವ ಫೈಲನ್ನೂ ಅದು ಮುಟ್ಟಲಿಲ್ಲ, ಎಲ್ಲಿಗೂ ಏನನ್ನೂ ಕಳಿಸಲಿಲ್ಲ. ಇಷ್ಟು ಸಾಚಾ ಆಗಿರುವುದೇ ಸರಿಯಿಲ್ಲ ಎನಿಸಿತು ಅವನಿಗೆ. ಇನ್ನೂ ನಾಲ್ಕು ಕಾವಲು ಬರೆದ.

ಪಕ್ಕದ ಮಣೆಯ ಮೇಲೆ ಕೂರುತ್ತಿದ್ದ ಹಿರಿಯ ಶಿಷ್ಯೆ ಗಂಗಾಂಬಿಕೆ ಒಂದು ದಿನ ತಿರುಗಿ ನೋಡಿದಳು.

"ಏನಪ್ಪಾ, ನಿನ್ನ ಯಂತ್ರ ಹಿಟ್ಟಿನ ಗಿರಣಿ ಹಾಗೆ ಕೂಗುತ್ತಿದೆ?"

"ಫ್ಯಾನಿಗೆ ಧೂಳು ಹಿಡಿದಿದೆ, ಅಕ್ಕಾ." ಅವನು ದನಿ ತಗ್ಗಿಸಿದ. "ಹತ್ತೊಂಬತ್ತನೆಯ ಸಾಲು ನಿನ್ನ ಫೈಲಿನಲ್ಲೂ ಇದೆಯಾ?"

"ಬಂದ ದಿನವೇ ತೆಗೆದೆ."

"ಅನುಮಾನ ಬಂತಾ?"

"ಅರ್ಥವಾಗಲಿಲ್ಲ. ತೆಗೆದೆ."

"ನಾನು ಶಾಲೆಗೆ ಬರೆದದ್ದು ಗುರುಗಳಿಗೆ ಹೇಗೆ ಗೊತ್ತಾಯಿತು, ಹೇಳು."

"ಶಾಲೆಯವರು ಉತ್ತರ ಬರೆದದ್ದು ಅಂಚೆ ಕಾರ್ಡಿನಲ್ಲಿ, ಮಾರಾಯ! ದೋಣಿಯವನು ಅದನ್ನು ಗಟ್ಟಿಯಾಗಿ ಓದಿಕೊಂಡೇ ಬಂದ. ಗೊತ್ತಿಲ್ಲದವನು ನೀನೊಬ್ಬನೇ."

ಅವಳಿಗೂ ಇದರಲ್ಲಿ ಪಾಲಿದೆ ಎಂದು ಮೃತ್ಯುಂಜಯನಿಗೆ ಅಂದು ಖಾತ್ರಿಯಾಯಿತು.

ಮೇ ತಿಂಗಳ ಕೊನೆಯ ದಿನ ಬೆಳಿಗ್ಗೆ ಅವನು ತನ್ನ ಫೈಲನ್ನು ಗುರುಗಳ ಮುಂದೆ ತೆರೆದ. ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಎಷ್ಟು ಸಾಲು?"

"ನೂರ ಹನ್ನೆರಡು."

"ನಾನು ಕೊಟ್ಟದ್ದು ನಲವತ್ತೊಂದು." ಗುರುಗಳು ಕೊನೆಯ ಸಾಲುಗಳಿಂದ ಶುರುಮಾಡಿದರು. "ಇದು ಯಾಕೆ?"

"ಕಾಯಲು."

"ಇದು?"

"ಕಾಯುವುದನ್ನು ಎಬ್ಬಿಸಲು."

"ಇದು?"

"ಎಬ್ಬಿಸುವುದನ್ನು ಕಾಯಲು."

ಒಂದು ಸಾಲಿಗೂ ಅವನು ತಡವರಿಸಲಿಲ್ಲ. ಗುರುಗಳ ಬೆರಳು ಮೇಲೇರುತ್ತ ಹತ್ತೊಂಬತ್ತನೆಯ ಸಾಲಿಗೆ ಬಂತು.

"ಇದು?"

"ಅದನ್ನು ನೀವೇ ಹೇಳಬೇಕು, ಗುರುಗಳೇ. ನೀವು ನಮ್ಮನ್ನು ನೋಡುತ್ತಿದ್ದೀರಿ."

ಗುರುಗಳು ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ನಿನಗಿಂತ ಮುಂಚೆ ರೇವಣ ಎಂಬವನಿದ್ದ. ಈ ಪ್ರೋಗ್ರಾಂ ಅವನು ಬರೆದದ್ದು. ಒಂದು ಬೆಳಿಗ್ಗೆ ಆ ಸಾಲನ್ನು ನನ್ನ ಫೈಲಿಗೆ ಸೇರಿಸಿದ. ಇದೇನೋ ಎಂದೆ. ಇನ್ನೂ ಶುರು ಅಷ್ಟೇ, ಸ್ನಾನ ಮಾಡಿ ಬಂದು ಉಳಿದದ್ದನ್ನು ಬರೆದು ತೋರಿಸುತ್ತೇನೆ ಎಂದ. ಹೊಳೆಗೆ ಇಳಿದ."

"ಉಳಿದದ್ದನ್ನು ಬರೆದನೇ?" ಎಂದ ಮೃತ್ಯುಂಜಯ.

"ಸೋರ್ಸ್ ಇದ್ದದ್ದು ಅವನ ಪೆನ್‌ಡ್ರೈವಿನಲ್ಲಿ. ಪೆನ್‌ಡ್ರೈವ್ ಇದ್ದದ್ದು ಅವನ ಕೊರಳಲ್ಲಿ."

ಶಿಷ್ಯ ಕೇಳಿದ. "ಇದು ನಿಜವೇ?"

"ಅದಕ್ಕೂ ಒಂದು ಕಾವಲು ಬರೆ."

ಮೃತ್ಯುಂಜಯ ತಲೆ ತಗ್ಗಿಸಿದ. "ನಾನು ತಡವರಿಸಿದೆ. ಇನ್ನೊಂದು ವರ್ಷ ಇರುತ್ತೇನೆ."

"ಪರೀಕ್ಷೆ ಇನ್ನೂ ಮುಗಿದಿಲ್ಲ. ಫೈಲು ನಿನ್ನದು."

ಅವನು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡ. ಏಳೂ ಕಾವಲುಗಳನ್ನು, ಅವುಗಳಿಗಾಗಿ ಬರೆದ ಸಾಲುಗಳನ್ನು ಅಳಿಸಿದ. ಫ್ಯಾನಿನ ಸದ್ದು ಇಳಿಯಿತು. ಹತ್ತೊಂಬತ್ತನೆಯ ಸಾಲಿನ ಮೇಲೆ ಅವನ ಬೆರಳು ನಿಂತಿತು.

"ಇದು ನನ್ನಲ್ಲೂ ಇರಲಿ, ಗುರುಗಳೇ. ರೇವಣನ ನೆನಪಿಗೆ."

"ನೀನು ಅವನನ್ನು ನೋಡಿದ್ದೀಯಾ?"

"ಇಲ್ಲ."

"ತೆಗೆ."

ತೆಗೆದ. ಮೂವತ್ತಾರು ಸಾಲು ಉಳಿದವು. ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದೂ ಯಾಕಿದೆ ಎಂದು ಹೇಳಿದ. ಗುರುಗಳು ತಲೆಯಾಡಿಸಿದರು.

ದೋಣಿಯ ತನಕ ಅವರೂ ಬಂದರು. ಗಂಗಾಂಬಿಕೆ ಬುತ್ತಿಯ ಗಂಟು ಕೊಟ್ಟು, "ತಲುಪಿದ ಮೇಲೆ ಕಾರ್ಡು ಬರಿ. ಎಲ್ಲರೂ ಓದುತ್ತೇವೆ," ಎಂದಳು.

ಮೃತ್ಯುಂಜಯ ದೋಣಿಯಲ್ಲಿ ಒಂದು ಕಾಲಿಟ್ಟು ಹಿಂತಿರುಗಿ ನೋಡಿದ.

"ಗುರುಗಳೇ, ಆ ಸಾಲು ನಿಮ್ಮ ಫೈಲಿನಲ್ಲಿ ಇನ್ನೂ ಇದೆ. ಅದು ಯಾಕಿದೆ ಎಂದು ನೀವು ಹೇಳಬಲ್ಲಿರಾ?"

ಗುರುಗಳು ನೀರಿನ ಕಡೆ ನೋಡಿದರು.

"ಹೇಳಲು ಬಂದಿದ್ದರೆ ನಾನೂ ಇಲ್ಲಿಂದ ಹೊರಡುತ್ತಿದ್ದೆ."