ಹೊಳೆಗಲ್ಲು ಬಚ್ಚಿಟ್ಟ ಹನಿ

ಅಂಗಳಕ್ಕೆ ಹಾಸಲು ತಂದ ಹೊಳೆಗಲ್ಲುಗಳನ್ನು ಒಣಗಲೆಂದು ಬಿಸಿಲಿಗೆ ಹರವಿದ್ದರು. ಅವುಗಳಲ್ಲಿ ಒಂದು ಪುಟ್ಟ ಕಲ್ಲು ಹೊಟ್ಟೆಯ ಕುಳಿಯಲ್ಲಿ ಹೊಳೆಯ ಹನಿಯೊಂದನ್ನು ಬಚ್ಚಿಟ್ಟುಕೊಂಡು ಬೋರಲು ಮಲಗಿತ್ತು. ಕಲ್ಲುಗಳನ್ನು ಬೆಸೆಯಲು ತಂದಿದ್ದ ರಾಳ ಡಬ್ಬದೊಳಗಿಂದಲೇ ಅದನ್ನು ಗಮನಿಸಿತು.

“ಮಗೂ, ಅಂಗಾತ ತಿರುಗು. ನೀನು ಒದ್ದೆಯಿದ್ದರೆ ನಾನು ನೊರೆಯೇಳುತ್ತೇನೆ, ಹಿಡಿತ ಸಿಗುವುದಿಲ್ಲ. ಆಮೇಲೆ ನಿನ್ನ ಜೊತೆ ಅಕ್ಕಪಕ್ಕದವರೂ ಕಿತ್ತುಹೋಗುತ್ತಾರೆ.”

“ಇದೂ ಹೋದರೆ ನನಗೆ ಹೊಳೆಯೇ ಇಲ್ಲ,” ಎಂದು ಕಲ್ಲು ಅತ್ತಿತು. “ನೀವು ನನ್ನನ್ನು ಮುಚ್ಚಿಬಿಡುತ್ತೀರಿ. ಮತ್ತೆಂದೂ ನೀರು ನನ್ನ ಬಳಿ ಸುಳಿಯುವುದಿಲ್ಲ.”

“ಸಂದೆಲ್ಲ ಮುಚ್ಚುವುದು ಸಿಮೆಂಟಿನ ಸ್ವಭಾವ. ನಾನು ನಿಮ್ಮನ್ನು ತೆಳ್ಳಗೆ ಸವರಿ, ಒಬ್ಬರಿಗೊಬ್ಬರು ತಾಗಿದ ಕಡೆಯಷ್ಟೇ ಹಿಡಿಯುತ್ತೇನೆ. ನಡುವೆ ದಾರಿ ಬಿಡುತ್ತೇನೆ.”

ಕಲ್ಲು ಹಿಂದೆಮುಂದೆ ನೋಡಿತು. ಕೊನೆಗೆ ಕಣ್ಣು ಮುಚ್ಚಿ ಅಂಗಾತ ತಿರುಗಿತು. ಬಿಸಿಲು ಹನಿಯನ್ನು ಕರೆದೊಯ್ದಿತು. ರಾಳ ಎಲ್ಲರನ್ನೂ ಅಪ್ಪಿಕೊಂಡಿತು, ಗಾರೆಯವರ ಕರಣೆ ಮೇಲೆ ಸವರಿ ಸಮ ಮಾಡಿತು.

ಮುಂಗಾರು ಬಂತು. ಪಕ್ಕದ ಸಿಮೆಂಟಿನ ಅಂಗಳದಲ್ಲಿ ನೀರು ನಿಂತಿತು. ಇಲ್ಲಿ ಸಂದುಗಳಲ್ಲಿ ಇಳಿಯುತ್ತಿದ್ದ ಹನಿಯೊಂದು ಪುಟ್ಟ ಕಲ್ಲಿನ ಕುಳಿಗೆ ಬಂದು ಕೂತಿತು. “ಇಲ್ಲೇ ಇರು,” ಎನ್ನಲು ಹೊರಟ ಕಲ್ಲು, ಅದರ ಹಿಂದೆಯೇ ಇನ್ನೊಂದು ಹನಿ ಇಳಿದು ಬರುವುದನ್ನು ಕಂಡಿತು.

“ಹೋಗಿ ಬಾ,” ಎಂದಿತು.